ಚೆನ್ನೈಯಲ್ಲಿ ನಿಂತು ಬೆಂಗಳೂರಿನ ಗಾಳಿ ಕುಡಿದ ಕಾರು



ಟ್ಯೂನಿಂಗ್ ಎಂದ ಕೂಡಲೇ ನಿಮಗೂ ನನಗೂ ನೆನಪಾಗುವುದು ರೇಡಿಯೋದ ಮುಳ್ಳು. ಅದು ಕೂದಲೆಳೆಯಷ್ಟು ಆಚೀಚೆ ಸರಿದರೂ ಹಾಡಿನ ಬದಲು ಗೊರಗೊರ ಸದ್ದು. ಆದರೆ ನಮ್ಮ ಕೇಳುಗರಲ್ಲಿ ಇನ್ನೊಂದು ಬಗೆಯ ಟ್ಯೂನಿಂಗಿನವರೂ ಇದ್ದಾರೆ. ವಾರವೆಲ್ಲ ಕಾರ್ಖಾನೆಯಲ್ಲೋ ಕಂಪ್ಯೂಟರ್ ಮುಂದೆಯೋ ದುಡಿದು, ಭಾನುವಾರ ಬಂತೆಂದರೆ ಹಳೆಯ ಕಾರಿನ ಬಾನೆಟ್ ಎತ್ತಿ ಕೂರುವವರು. ಈ ಸಲದ ಮಾತು ಅವರಿಗಾಗಿ. ಕಾರಿನ ಗೊಡವೆ ಇಲ್ಲದವರೂ ಓದಿ. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ಔಷಧಿ ಕೊಟ್ಟರೆ ಏನಾಗುತ್ತದೆ ಎನ್ನುವ ಕಥೆ ಇದು.

ನಾನು ಓದಿದ್ದು ಕನ್ನಡ ಬಿ.ಎ. ನನಗೆ ಪಂಪ ಗೊತ್ತಿತ್ತು, ಫ್ಯುಯೆಲ್ ಪಂಪ್ ಗೊತ್ತಿರಲಿಲ್ಲ. ಕಲಿಸಿದವನು ಚೆನ್ನೈಯಲ್ಲಿರುವ ದಾವಣಗೆರೆಯ ಗೆಳೆಯ. ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿನಲ್ಲಿ ಓಡಿಸಲೆಂದು ಅವನು ಒಂದು ಹಳೆಯ ಪೆಟ್ರೋಲ್ ಕಾರನ್ನು ಸಿದ್ಧಪಡಿಸುತ್ತಿದ್ದ. ಎಂಜಿನ್ ಅದೇ. ಅದನ್ನು ಆಳುವ ಕಂಪ್ಯೂಟರ್ ಮಾತ್ರ ಬೇರೆ.

ಕಂಪ್ಯೂಟರ್ ಏಕೆ ಬದಲಿಸುತ್ತಾರೆ?

ಕಂಪನಿ ಕೊಟ್ಟ ಕಂಪ್ಯೂಟರಿನೊಳಗಿನ ಲೆಕ್ಕ ಬೀಗ ಹಾಕಿದ ಪೆಟ್ಟಿಗೆ ಇದ್ದಂತೆ. ಎಂಜಿನ್ನಿಗೆ ಬೇರೆ ಕ್ಯಾಮ್ ಶಾಫ್ಟನ್ನೋ ದೊಡ್ಡ ಇಂಜೆಕ್ಟರನ್ನೋ ಹಾಕಿದರೆ ಆ ಲೆಕ್ಕ ತಪ್ಪುತ್ತದೆ. ಆಗ ನಾವೇ ಲೆಕ್ಕ ಬರೆಯಬಹುದಾದ ಕಂಪ್ಯೂಟರ್ ಬೇಕು. ಅಮೆರಿಕದ ಹೋಂಡಾ ಹವ್ಯಾಸಿಗಳು 1996ರಿಂದ 2000ರವರೆಗಿನ ಸಿವಿಕ್ ಕಾರಿಗೆ ಅದಕ್ಕಿಂತ ಹಳೆಯ, 1992ರಿಂದ 95ರ ಕಾಲದ ಪಿ28 ಕಂಪ್ಯೂಟರ್ ಕೂರಿಸುವುದು ಇದೇ ಕಾರಣಕ್ಕೆ. ಅದಕ್ಕೆ ಹೊಸ ಚಿಪ್ ಹಾಕಿ ಲೆಕ್ಕ ತಿದ್ದಬಹುದು. ಪೂರ್ತಿ ಹೊಸದಾದ, ಲ್ಯಾಪ್‌ಟಾಪಿನಿಂದ ತಿದ್ದಬಹುದಾದ ಕಂಪ್ಯೂಟರ್ ಹಾಕುವವರೂ ಇದ್ದಾರೆ. ನನ್ನ ಗೆಳೆಯ ಹಾಕಿದ್ದು ಅಂಥದ್ದನ್ನು.

ಹೀಗೆ ಬದಲಿಸಿದವರಿಗೆ ಎದುರಾಗುವ ಮೊದಲ ತಲೆನೋವೇ ಲೀನ್. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒಂದು ಕಿಲೋ ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಟರ್ಬೋ ಇಲ್ಲದ ಎಂಜಿನ್ ಪೂರ್ತಿ ಶಕ್ತಿ ಕೊಡುವಾಗ 12.5ರಿಂದ 13ರ ಆಸುಪಾಸಿನಲ್ಲಿ ಇಡುತ್ತಾರೆ. ನಿಧಾನವಾಗಿ ಹೋಗುವಾಗ ತುಸು ಲೀನ್ ಇದ್ದರೆ ಹೆಚ್ಚು ಹಾನಿ ಇಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಲೀನ್ ಆದರೆ ಶಾಖ ಏರುತ್ತದೆ, ಮಿಶ್ರಣ ತನ್ನಷ್ಟಕ್ಕೆ ತಾನೇ ಸ್ಫೋಟಿಸಿ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ ಕರಗಬಹುದು ಇಲ್ಲವೇ ಒಡೆಯಬಹುದು.

ನಡೆದದ್ದು ಇಷ್ಟು

ಗೆಳೆಯನ ಕಾರಿನ ಮೀಟರ್ 12.8 ತೋರಿಸಬೇಕಾದಲ್ಲಿ 14 ತೋರಿಸುತ್ತಿತ್ತು. ಒಂದೇ ಕಡೆ ಅಲ್ಲ, ಎಲ್ಲ ವೇಗದಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣದ ಕೊರತೆ. ಗ್ಯಾರೇಜಿನಲ್ಲಿ ಒಬ್ಬರು ಸುಲಭದ ದಾರಿ ಹೇಳಿದರು: ಕೋಷ್ಟಕಕ್ಕೆಲ್ಲ ನೂರಕ್ಕೆ ಹತ್ತು ಪೆಟ್ರೋಲ್ ಸೇರಿಸಿಬಿಡು. ಹಾಗೇ ಮಾಡಿದ. ಮೀಟರ್ ಸರಿಹೋಯಿತು, ಎಲ್ಲರಿಗೂ ಸಮಾಧಾನ. ಟ್ರ್ಯಾಕಿನಲ್ಲಿ ಕೆಲವೇ ಸುತ್ತಿನೊಳಗೆ ಟಣಟಣ ಸದ್ದು. ಬಿಚ್ಚಿ ನೋಡಿದರೆ ಸ್ಪಾರ್ಕ್ ಪ್ಲಗ್ಗಿನ ಮೇಲೆ ಅಲ್ಯೂಮಿನಿಯಂ ಚುಕ್ಕೆಗಳು, ಒಂದು ಪಿಸ್ಟನ್ನಿನ ಅಂಚು ಒಡೆದಿತ್ತು.

ಪೆಟ್ರೋಲ್ ಸರಿಯಿತ್ತು, ಪಿಸ್ಟನ್ ಏಕೆ ಹೋಯಿತು? ಉತ್ತರ ಸಿಕ್ಕಿದ್ದು ಎಂಜಿನ್ ಆಫ್ ಇದ್ದಾಗ. ಬೀಗದ ಕೈ ತಿರುಗಿಸಿ, ಎಂಜಿನ್ ಚಾಲು ಮಾಡದೆ, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಏನು ಹೇಳುತ್ತಿದೆ ಎಂದು ನೋಡಿದ. ಎಂಜಿನ್ ನಿಂತಿರುವಾಗ ಅದು ಆ ಊರಿನ ಗಾಳಿಯ ಒತ್ತಡವನ್ನೇ ಹೇಳಬೇಕು. ಸಮುದ್ರದ ಪಕ್ಕದ ಚೆನ್ನೈ, ಮುಂಬೈಗಳಲ್ಲಿ ಅದು ಸುಮಾರು 100 ಕಿಲೋಪಾಸ್ಕಲ್. ಪುಣೆ, ಹೈದರಾಬಾದುಗಳಲ್ಲಿ 95ರ ಹತ್ತಿರ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ಸುಮಾರು 91. ಗೆಳೆಯನ ಲ್ಯಾಪ್‌ಟಾಪ್ ತೋರಿಸಿದ್ದು 91! ಚೆನ್ನೈಯಲ್ಲಿ ನಿಂತ ಕಾರು ತಾನು ಬೆಂಗಳೂರಿನಲ್ಲಿದ್ದೇನೆ ಎಂದುಕೊಂಡಿತ್ತು. "ನಮಗೇ ಇಲ್ಲದಷ್ಟು ಊರಿನ ನೆನಪು ಅದಕ್ಕೆ" ಎಂದು ಅವನು ನಕ್ಕ. ಆ ನಗುವಿನ ಬೆಲೆ ಒಂದು ಪಿಸ್ಟನ್.

ಸೆನ್ಸರನ್ನು ಬೇರೆ ತಯಾರಿಕೆಯದಕ್ಕೆ ಬದಲಿಸಿದ್ದರು, ಕಂಪ್ಯೂಟರಿನಲ್ಲಿ ಹಳೆಯ ಸೆನ್ಸರಿನ ಅಳತೆಪಟ್ಟಿಯೇ ಉಳಿದಿತ್ತು. ಗಾಳಿ ಕಡಿಮೆ ಇದೆ ಎಂದು ನಂಬಿದ ಕಂಪ್ಯೂಟರ್ ಪೆಟ್ರೋಲನ್ನೂ ನೂರಕ್ಕೆ ಒಂಬತ್ತರಷ್ಟು ಕಡಿಮೆ ಕೊಟ್ಟಿತು. ಇಷ್ಟೇ ಆಗಿದ್ದರೆ ಪೆಟ್ರೋಲ್ ಸೇರಿಸಿದಾಗ ಸರಿಹೋಗಬೇಕಿತ್ತು. ಆದರೆ ಕಿಡಿ ಯಾವಾಗ ಹಾರಿಸಬೇಕು ಎನ್ನುವುದನ್ನೂ ಕಂಪ್ಯೂಟರ್ ಅದೇ ಒತ್ತಡ ನೋಡಿ ತೀರ್ಮಾನಿಸುತ್ತದೆ. ಭಾರ ಕಡಿಮೆ ಎಂದುಕೊಂಡರೆ ಕಿಡಿಯನ್ನು ಬೇಗ ಹಾರಿಸುತ್ತದೆ. ಪೆಟ್ರೋಲಿನ ತಪ್ಪನ್ನು ಮುಚ್ಚಿದರು, ಕಿಡಿಯ ತಪ್ಪು ಹಾಗೇ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಆದ್ದರಿಂದ ಲೀನ್ ಎಂದು ಕಂಡ ಕೂಡಲೇ ಕೋಷ್ಟಕಕ್ಕೆ ಕೈ ಹಾಕಬೇಡಿ. ಮೊದಲು ಈ ನಾಲ್ಕು ಪ್ರಶ್ನೆ ಕೇಳಿ.

1. ಮೀಟರ್ ನಿಜ ಹೇಳುತ್ತಿದೆಯೇ?

ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ನೋಡುವುದಿಲ್ಲ, ಉಳಿದ ಆಮ್ಲಜನಕವನ್ನು ನೋಡುತ್ತದೆ. ಸೆನ್ಸರಿಗಿಂತ ಮುಂಚೆ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ನುಸುಳಿ ಲೀನ್ ಎಂದು ತೋರಿಸುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೂ ಅಷ್ಟೇ. ಉರಿಯದ ಗಾಳಿ ಹಾಗೇ ಹೊರಬಂದು ಲೀನ್ ಎನ್ನಿಸುತ್ತದೆ. ಅದಕ್ಕೆ ಪೆಟ್ರೋಲ್ ಸುರಿದರೆ ಪ್ಲಗ್ ತೊಯ್ದು ಇನ್ನಷ್ಟು ಕೆಡುತ್ತದೆ.

ಇನ್ನೊಂದು ಕಾರಣ ನಮ್ಮ ಸ್ಟುಡಿಯೋದವರಿಗೆ ಚಿರಪರಿಚಿತ: ಅರ್ಥಿಂಗ್. ಎರಡು ಯಂತ್ರಗಳ ಅರ್ಥ್ ಬೇರೆಬೇರೆ ಕಡೆ ಇದ್ದರೆ ನಮ್ಮ ಧ್ವನಿಯ ಹಿಂದೆ ಗುಂಯ್ ಎನ್ನುವ ಸದ್ದು ಸೇರುತ್ತದೆ. ಕಾರಿನಲ್ಲಿ ಸದ್ದಿನ ಬದಲು ಸಂಖ್ಯೆ ತಪ್ಪುತ್ತದೆ. 0ರಿಂದ 5 ವೋಲ್ಟಿನೊಳಗೆ 10ರಿಂದ 20ರವರೆಗಿನ ಅಳತೆ ಕಳಿಸುವ ಮೀಟರಿನಲ್ಲಿ 0.1 ವೋಲ್ಟ್ ಆಚೀಚೆ ಆದರೆ 0.2 ಅಂಕದ ಸುಳ್ಳು. ಮೀಟರಿನ ಮುಖದ ಮೇಲಿನ ಸಂಖ್ಯೆ, ಲ್ಯಾಪ್‌ಟಾಪಿನ ಸಂಖ್ಯೆ ಎರಡೂ ಒಂದೇ ಇವೆಯೇ ನೋಡಿ. ಇಲ್ಲದಿದ್ದರೆ ಅರ್ಥ್ ತಂತಿಗಳನ್ನು ಕಂಪ್ಯೂಟರಿನ ಅರ್ಥ್ ಇರುವಲ್ಲಿಗೇ ತನ್ನಿ. ಅಳತೆಪಟ್ಟಿ ಆ ಮೀಟರಿನದೇ ಹೌದೇ ಎಂದೂ ಖಚಿತಪಡಿಸಿಕೊಳ್ಳಿ.

2. ಕಂಪ್ಯೂಟರಿಗೆ ನಿಜ ಹೇಳಿದ್ದೀರಾ?

ಮ್ಯಾಪ್ ಸೆನ್ಸರಿನ ಕಥೆ ಕೇಳಿದಿರಿ. ಇಂಜೆಕ್ಟರ್ ನಿಮಿಷಕ್ಕೆ ಎಷ್ಟು ಸಿಸಿ ಸುರಿಸುತ್ತದೆ ಎನ್ನುವುದನ್ನೂ ಸರಿಯಾಗಿ ಬರೆದಿರಬೇಕು. ವಿದ್ಯುತ್ ಕೊಟ್ಟ ತಕ್ಷಣ ಇಂಜೆಕ್ಟರ್ ತೆರೆಯುವುದಿಲ್ಲ. ಸುಮಾರು ಒಂದು ಮಿಲಿಸೆಕೆಂಡ್ ವ್ಯರ್ಥವಾಗುತ್ತದೆ, ಬ್ಯಾಟರಿ ಸೊರಗಿದರೆ ಇನ್ನೂ ಹೆಚ್ಚು. ಈ ಡೆಡ್ ಟೈಮ್ ಕಡಿಮೆ ಬರೆದಿದ್ದರೆ ಐಡಲ್‌ನಲ್ಲಿ ಲೀನ್, ಜೋರಾಗಿ ಓಡುವಾಗ ಬಹುತೇಕ ಸರಿ. ಹೆಡ್‌ಲೈಟ್, ಫ್ಯಾನ್ ಹಾಕಿದಾಗ ಮಾತ್ರ ಲೀನ್ ಆದರೆ ಅನುಮಾನ ಇಲ್ಲೇ ಇರಲಿ.

ಗಾಳಿಯ ಉಷ್ಣತೆ ಅಳೆಯುವ ಸೆನ್ಸರನ್ನೂ ಮರೆಯಬೇಡಿ. ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಚಾಲು ಮಾಡಿದಾಗ, ಎಂಜಿನ್ನಿನ ಶಾಖದಲ್ಲಿ ಬೆಂದ ಸೆನ್ಸರ್ ಗಾಳಿಯೇ ಅಷ್ಟು ಬಿಸಿ ಎನ್ನುತ್ತದೆ. ಬಿಸಿಗಾಳಿ ತೆಳು ಎಂದು ಕಂಪ್ಯೂಟರ್ ಪೆಟ್ರೋಲ್ ಇಳಿಸುತ್ತದೆ. ಸ್ವಲ್ಪ ದೂರ ಓಡಿದ ಮೇಲೆ ತಾನೇ ಸರಿಹೋದರೆ ಅದೇ ಕಾರಣ.

3. ಕದ್ದು ಬರುವ ಗಾಳಿ ಇದೆಯೇ?

ಹಳೆಯ ಮೆಕ್ಯಾನಿಕ್‌ಗಳು ಮೊದಲು ನೋಡುವುದೇ ವ್ಯಾಕ್ಯೂಮ್ ಪೈಪುಗಳನ್ನು. ಗಾಳಿಯ ಹರಿವನ್ನೇ ಅಳೆಯುವ ಕಾರುಗಳಲ್ಲಿ ಅದು ಸರಿ. ಅಳತೆಯ ನಂತರ ನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಐಡಲ್‌ನಲ್ಲಿ ಲೀನ್ ಆಗುತ್ತದೆ. ಒತ್ತಡ ಅಳೆಯುವ ಕಂಪ್ಯೂಟರಿನಲ್ಲಿ ಮಾತ್ರ, ನುಸುಳಿದ ಗಾಳಿ ಒತ್ತಡವನ್ನೂ ಏರಿಸುವುದರಿಂದ ಪೆಟ್ರೋಲೂ ಏರುತ್ತದೆ. ಅಲ್ಲಿ ಐಡಲ್ ವೇಗ ಹೆಚ್ಚಿದ್ದರೆ ಸೋರಿಕೆ ಹುಡುಕಿ.

4. ಪೆಟ್ರೋಲ್ ನಿಜವಾಗಿ ತಲುಪುತ್ತಿದೆಯೇ?

ಐಡಲ್‌ನಲ್ಲಿ ಸರಿ, ಜೋರಾಗಿ ಒತ್ತಿದಾಗ ಮಾತ್ರ ಲೀನ್ ಎಂದರೆ ಪಂಪ್, ಫಿಲ್ಟರ್, ಪಂಪಿಗೆ ಹೋಗುವ ತಂತಿ ನೋಡಿ. ಒತ್ತಡದ ಗೇಜನ್ನು ಭಾರ ಇರುವಾಗಲೇ ಓದಬೇಕು. ಇಂಜೆಕ್ಟರಿನ ಎರಡು ತುದಿಗಳ ನಡುವಿನ ಒತ್ತಡ 3 ಬಾರ್‌ನಿಂದ 2.4ಕ್ಕೆ ಇಳಿದರೆ ಪೆಟ್ರೋಲ್ ನೂರಕ್ಕೆ ಹತ್ತರಷ್ಟು ಕಡಿಮೆಯಾಗುತ್ತದೆ.

ಬಂಕಿನ ಪೆಟ್ರೋಲೂ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಮ್ಮ ದೇಶದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದು ದೇಶದ ಉದ್ದಗಲಕ್ಕೂ ಹರಡಿತು. ಎಥನಾಲಿಗೆ ಒಂದು ಕಿಲೋಗೆ 9 ಕಿಲೋ ಗಾಳಿ ಸಾಕು. ಹಾಗಾಗಿ ಇ20ಗೆ ಬೇಕಾದ್ದು 14.7 ಅಲ್ಲ, ಸುಮಾರು 13.5. ಹಳೆಯ ಪೆಟ್ರೋಲಿಗೆ ಬರೆದ ಕೋಷ್ಟಕ ಇ20ರಲ್ಲಿ ನೂರಕ್ಕೆ ಏಳೆಂಟರಷ್ಟು ಲೀನ್ ಆಗುತ್ತದೆ. ಕಂಪನಿಯ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿ ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ನೀವು ಹಾಕಿದ್ದು ಹಾಗೆ ಮಾಡುತ್ತದೋ ಇಲ್ಲವೋ ನೋಡಿಕೊಳ್ಳಿ. ಈ ನಾಲ್ಕು ಪ್ರಶ್ನೆಗಳಲ್ಲಿ ಕೋಷ್ಟಕ ತಿದ್ದುವುದೇ ಸರಿಯಾದ ಔಷಧಿ ಆಗುವುದು ಇಲ್ಲಿ ಮಾತ್ರ.

ಕೊನೆಗೆ ಎರಡು ಮಾತು. ಮೀಟರ್ ಲೀನ್ ಎನ್ನುತ್ತಿರುವಾಗ "ಇನ್ನೊಂದು ಸಲ ನೋಡೋಣ" ಎಂದು ಒತ್ತಿ ಹಿಡಿಯಬೇಡಿ, ಕಾಲು ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಟ್ಟುಕೊಳ್ಳಿ. ಮತ್ತೆ, ಇದೆಲ್ಲ ಟ್ರ್ಯಾಕಿನ ಕಾರಿನ ಮಾತು. ರಸ್ತೆಯ ಕಾರನ್ನು ತಯಾರಕರು ಕೊಟ್ಟ ವಿವರಕ್ಕೆ ಹೊರತಾಗಿ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ.

ಗೆಳೆಯ ಹೊಸ ಪಿಸ್ಟನ್ ಹಾಕಿದ, ಸೆನ್ಸರಿನ ಅಳತೆಪಟ್ಟಿ ಸರಿಪಡಿಸಿದ, ಸೇರಿಸಿದ್ದ ನೂರಕ್ಕೆ ಹತ್ತನ್ನು ಪೂರ್ತಿ ತೆಗೆದುಹಾಕಿದ. ಮೀಟರ್ 12.8ರಲ್ಲಿ ನಿಂತಿತು. ಈಗ ಬೀಗದ ಕೈ ತಿರುಗಿಸಿದ ಕೂಡಲೇ ಅವನು ಮೊದಲು ನೋಡುವುದು ಒಂದೇ ಸಂಖ್ಯೆ: ಕಾರಿಗೆ ತಾನು ಯಾವ ಊರಿನಲ್ಲಿದ್ದೇನೆ ಎನ್ನುವುದು ಗೊತ್ತಿದೆಯೇ?

ನಿಮ್ಮ ಗ್ಯಾರೇಜಿನ ಅನುಭವಗಳನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ ಕೇಳುತ್ತಿರಿ.