ಗದ್ದೆ ಬಿಟ್ಟೋಡುವ ಗೊಬ್ಬರ

ಬತ್ತದ ಗದ್ದೆಯ ನಿಂತ ನೀರಿಗೆ ಎರಚಿದ ಗೊಬ್ಬರವೆಲ್ಲವೂ ಪೈರಿನ ಬೇರನ್ನು ಸೇರುವುದೆಂದು ನಾವು ಭಾವಿಸುವುದು ಸಹಜ. ವಾಸ್ತವವು ಹಾಗಿಲ್ಲ. 45 ಕಿಲೋಗ್ರಾಂ ಯೂರಿಯದಲ್ಲಿ ಸುಮಾರು 20 ಕಿಲೋಗ್ರಾಂ ಸಾರಜನಕವಿರುತ್ತದೆ. ನೀರಿನ ಮೇಲೆ ಎರಚಿದಾಗ, ಬಹುಮಟ್ಟಿಗೆ ಅದರ ಅರ್ಧಕ್ಕಿಂತ ಕಡಮೆ ಭಾಗವೇ ಪೈರಿಗೆ ದಕ್ಕುತ್ತದೆ. ಉಳಿದುದು ಎಲ್ಲಿಗೆ ಹೋಗುತ್ತದೆ? ಹೋದೆಡೆಯಲ್ಲಿ ಏನು ಮಾಡುತ್ತದೆ? ಇದನ್ನು ವಿಚಾರಿಸೋಣ.

ಯೂರಿಯವು ಕರಗಿ ಕೆಲವೇ ದಿನಗಳಲ್ಲಿ ಅಮೋನಿಯವಾಗಿ ಮಾರ್ಪಡುತ್ತದೆ. ಹಗಲಿನಲ್ಲಿ ಗದ್ದೆಯ ಪಾಚಿಯು ಇಂಗಾಲಾಮ್ಲವನ್ನು ಹೀರಿದಂತೆಲ್ಲ ನೀರಿನ ಕ್ಷಾರಗುಣವು ಹೆಚ್ಚಿ, ಅಮೋನಿಯದ ಒಂದು ಪಾಲು ಗಾಳಿಗೆ ಸೇರುತ್ತದೆ. ಮಣ್ಣಿಗಿಳಿದ ಪಾಲಿನ ಕಥೆ ಬೇರೆ. ಕೆಸರಿನ ಮೇಲ್ಭಾಗದಲ್ಲಿ ಕೆಲವೇ ಮಿಲಿಮೀಟರು ದಪ್ಪದ ಪದರಕ್ಕೆ ಮಾತ್ರ ಆಮ್ಲಜನಕವು ದೊರೆಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೇಟನ್ನಾಗಿ ಮಾಡುತ್ತವೆ. ಧನವಿದ್ಯುತ್ತುಳ್ಳ ಅಮೋನಿಯಂ ಕಣವನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳಬಲ್ಲುದು. ಋಣವಿದ್ಯುತ್ತಿನ ನೈಟ್ರೇಟನ್ನು ಹಿಡಿದಿಡಲಾರದು. ಆದುದರಿಂದ ನೈಟ್ರೇಟು ನೀರಿನೊಡನೆ ಕೆಳಕ್ಕಿಳಿಯುತ್ತದೆ. ಆಮ್ಲಜನಕವಿಲ್ಲದ ಕೆಳಪದರದಲ್ಲಿ ಬೇರೆ ಬ್ಯಾಕ್ಟೀರಿಯಗಳು ಅದರ ಬಹುಭಾಗವನ್ನು ಸಾರಜನಕ ಅನಿಲವಾಗಿ ಹಾರಿಬಿಡುತ್ತವೆ. ಮಿಕ್ಕದ್ದು ಬಸಿಗಾಲುವೆಯನ್ನೋ ಅಂತರ್ಜಲವನ್ನೋ ಸೇರುತ್ತದೆ. ರಂಜಕದ ನಡತೆ ಇದಕ್ಕೆ ವಿರುದ್ಧವಾದುದು. ಅದು ಮಣ್ಣಿನ ಕಣಗಳಿಗೆ ಬಲವಾಗಿ ಅಂಟುವುದರಿಂದ, ತಿಳಿನೀರಿಗಿಂತ ಕದಡಿದ ನೀರಿನೊಡನೆಯೇ ಹೆಚ್ಚಾಗಿ ಪಯಣಿಸುತ್ತದೆ.

ಇವೆರಡೂ ಕೆರೆಯನ್ನು ತಲಪಿದಾಗ ಪಾಚಿಗೆ ಹಬ್ಬ. ಅದು ಮಿತಿಮೀರಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುವಾಗ ನೀರಿನ ಆಮ್ಲಜನಕವು ಬರಿದಾಗುತ್ತದೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಜಪಾನಿನ ಅತಿ ದೊಡ್ಡ ಸರೋವರವಾದ ಬಿವಾ ಈ ವಿಷಯದಲ್ಲಿ ಒಳ್ಳೆಯ ನಿದರ್ಶನ. ಸುಮಾರು 670 ಚದರ ಕಿಲೋಮೀಟರು ವಿಸ್ತಾರದ ಈ ಜಲರಾಶಿಯು ಕ್ಯೋಟೋ, ಒಸಾಕಾ ನಗರಗಳೂ ಸೇರಿದಂತೆ ಒಂದು ಕೋಟಿಗೂ ಮಿಕ್ಕ ಜನಕ್ಕೆ ನೀರುಣಿಸುತ್ತದೆ. ಸುತ್ತಣ ಶಿಗಾ ಪ್ರಾಂತದ ಸಾಗುವಳಿ ಭೂಮಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ ಗದ್ದೆಯೇ. 1977ರ ಮೇ ತಿಂಗಳಿನಲ್ಲಿ ಸರೋವರದ ನೀರು ಕೆಂಗಂದು ಬಣ್ಣಕ್ಕೆ ತಿರುಗಿ ದುರ್ವಾಸನೆ ಬೀರಿತು. ಯೂರೊಗ್ಲೀನ ಎಂಬ ಸೂಕ್ಷ್ಮಪಾಚಿಯ ಅತಿವೃದ್ಧಿಯೇ ಇದಕ್ಕೆ ಕಾರಣ. ಮನೆ, ಕಾರ್ಖಾನೆ, ಗದ್ದೆ ಈ ಮೂರೂ ಆ ಸರೋವರದ ಪಾಚಿಗೆ ಉಣಿಸು ಒದಗಿಸುತ್ತಿದ್ದವು. 1980ರಲ್ಲಿ ಜಾರಿಗೆ ಬಂದ ಪ್ರಾಂತೀಯ ಶಾಸನವು ರಂಜಕವುಳ್ಳ ಮಾರ್ಜಕಗಳನ್ನು ನಿಷೇಧಿಸಿ, ಕಾರ್ಖಾನೆಗಳ ಕೊಳಚೆಗೆ ಮಿತಿ ಹಾಕಿತು. ಕಾರ್ಖಾನೆಯ ಕೊಳವೆ ಒಂದೇ ಆದುದರಿಂದ ಅಲ್ಲಿ ಅಳತೆ ಸುಲಭ. ಗದ್ದೆಗಳಿಗಾದರೋ ಸಾವಿರಾರು ಬಾಯಿಗಳು!

ಗದ್ದೆಗಳ ಕೆಡುಕು ಎದ್ದು ಕಾಣುವುದು ಕೆಸರು ಮಾಡಿ ನಾಟಿ ಹಾಕುವ ದಿನಗಳಲ್ಲಿ. ಆಗ ಹೊರಬಿಟ್ಟ ಕದಡು ನೀರು ಹೊಳೆಗಳ ಮೂಲಕ ಸರೋವರಕ್ಕೆ ಹರಿಯುತ್ತದೆ. ಅಲ್ಲಿನ ಪರಿಹಾರವು ಸರಳವಾದುದು: ಕೆಸರು ಮಾಡುವಾಗ ನೀರನ್ನು ತೆಳುವಾಗಿ ನಿಲ್ಲಿಸುವುದು, ನಾಟಿಗೆ ಮುಂಚೆ ಅದನ್ನು ಹೊರಬಿಡದಿರುವುದು, ಬದುವಿನ ಸೋರಿಕೆ ಮುಚ್ಚುವುದು, ಗೊಬ್ಬರವನ್ನು ಎರಚದೆ ಪೈರಿನ ಪಕ್ಕದ ಮಣ್ಣಿನೊಳಗಿಡುವುದು. ಒಳಗಿಟ್ಟ ಅಮೋನಿಯಕ್ಕೆ ಆಮ್ಲಜನಕವು ದೊರೆಯದು. ಅದು ನೈಟ್ರೇಟಾಗದೆ ಬೇರಿಗಾಗಿ ಕಾದಿರುತ್ತದೆ. ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳನ್ನು ಅರ್ಧಕ್ಕಿಳಿಸುವ ರೈತರಿಗೆ 2004ರಿಂದ ಪ್ರಾಂತಾಡಳಿತವು ಸಹಾಯಧನವನ್ನೂ ಕೊಡತೊಡಗಿತು.

ನಮ್ಮ ಮಂಡ್ಯ, ಗಂಗಾವತಿಗಳ ಗದ್ದೆಗಳಿಗೂ ಇದೇ ರಸಾಯನವು ಅನ್ವಯಿಸುತ್ತದೆ. ಭಾರತದಲ್ಲಿ ಕುಡಿಯುವ ನೀರಿಗೆ ವಿಧಿಸಿರುವ ನೈಟ್ರೇಟಿನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಮೀರಿದರೆ ಎಳೆಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುವ ಭಯವುಂಟು. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಕ್ಕೆ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಅದು ನೈಟ್ರೇಟಾಗುವ ಕ್ರಿಯೆಯನ್ನು ನಿಧಾನಿಸುತ್ತದೆ. ಆದರೆ ತೂಬು ತೆರೆದಿದ್ದರೆ ಲೇಪವೊಂದೇ ಸಾಲದು. ಗೊಬ್ಬರ ಹಾಕಿದ ಮೇಲೆ ಕೆಲವು ದಿನ ತೂಬು ಮುಚ್ಚಿಡುವುದಕ್ಕೆ ಕಾಸಿನ ಖರ್ಚಿಲ್ಲ. ಗದ್ದೆಯಲ್ಲಿ ಉಳಿದ ಗೊಬ್ಬರ ರೈತನ ಹಣ. ಕಾಲುವೆಗೆ ಹರಿದದ್ದು ಕೆಳಗಿನ ಊರಿನವರ ಕುಡಿಯುವ ನೀರಿಗೆ ಬಿದ್ದ ಕೇಡು.