ಉಂಗುರ ಸವೆದರೂ ಹಕ್ಕಿ ಸವೆಯಲಿಲ್ಲ

ನಮ್ಮ ಕೊಟ್ಟೂರು, ಕೂಡ್ಲಿಗಿ ಸೀಮೆಯಲ್ಲಿ ಬೆಳಗಿನ ಜಾವದ ನಿದ್ದೆ ಕೆಡಿಸುತ್ತಿದ್ದವನು ಬುಡುಬುಡಿಕೆಯವನು. ‘ಹಾಲಕ್ಕಿ ನುಡೀತೈತಿ’ ಎಂದು ಬಾಗಿಲಲ್ಲಿ ನಿಂತರೆ ಅಜ್ಜಿ ಮರುಮಾತಾಡದೆ ಮೊರದಲ್ಲಿ ಜೋಳ ತರುತ್ತಿದ್ದಳು. ಇರುಳೆಲ್ಲ ಸುಡುಗಾಡಿನಲ್ಲಿ ಕೂತು ಹಕ್ಕಿಯ ಮಾತು ಕೇಳಿ ಬರುತ್ತಾನೆಂಬ ನಂಬಿಕೆ. ಆ ಹಾಲಕ್ಕಿ ಒಂದು ಪುಟ್ಟ ಗೂಬೆ. ಮರದ ಪೊಟರೆಯಲ್ಲಿ ಸಂಸಾರ ಹೂಡಿ, ಕತ್ತಲಾದೊಡನೆ ಗಂಡ ಹೆಂಡತಿ ಜಗಳಕ್ಕೆ ನಿಂತಂತೆ ಚೀರಾಡುತ್ತದೆ, ಅಷ್ಟೆ.

ಕಡಲನ್ನೇ ಕಾಣದ ನಮ್ಮೂರಿನ ಈ ಕತೆಗೆ ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲೊಂದು ನೆಂಟಸ್ತಿಕೆಯಿದೆ. ಅಲ್ಲಿನ ಬೆಟ್ಟವೊಂದರ ಹೆಸರು ಟ್ರೊಲಾವಲ್. ಟ್ರೋಲ್ ಎಂದರೆ ನಾರ್ಸ್ ಜನರ ಭೂತ. ಕಗ್ಗತ್ತಲಲ್ಲಿ ನೆಲದೊಳಗಿಂದ ಯಾರದೋ ಕತ್ತು ಹಿಸುಕಿದಂಥ ಕೂಗು ಕೇಳಿ ಆ ಹೆಸರಿಟ್ಟರು ಎನ್ನುತ್ತಾರೆ. ಕೂಗುವುದು ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿ. ಕಾಲುಗಳು ತೀರಾ ಹಿಂದಕ್ಕಿರುವುದರಿಂದ ನೆಲದ ಮೇಲೆ ತೆವಳುವುದೇ ಅದರ ನಡಿಗೆ. ಹಗಲು ಬಂದರೆ ಗಲ್ ಹಕ್ಕಿಗಳಿಗೆ ತುತ್ತು. ಅದಕ್ಕೇ ತನ್ನ ಬಿಲಕ್ಕೆ ಬರುವುದು ಇರುಳಲ್ಲಿ, ಬೆಳದಿಂಗಳಿದ್ದರೆ ಆಗಲೂ ಹಿಂಜರಿಕೆ.

ಭೂತ ಯಾರೆಂದು ಬಿಲಕ್ಕೆ ಕೈಹಾಕಿದವರಿಗೆಲ್ಲ ಗೊತ್ತಾಯಿತು. ಅದರ ಆಯುಸ್ಸು ತಿಳಿಯುವುದೇ ಕಷ್ಟವಾದದ್ದು. ಗರಿ ಬಲಿತ ಮೇಲೆ ಹತ್ತು ವರ್ಷದ ಹಕ್ಕಿಯೂ ನಲವತ್ತರದ್ದೂ ಕಣ್ಣಿಗೆ ಒಂದೇ. 1899ರಲ್ಲಿ ಡೆನ್ಮಾರ್ಕಿನ ಮೇಷ್ಟ್ರು ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್, ನಮ್ಮ ಕಬ್ಬಕ್ಕಿಯ ಬಳಗದ ಹಕ್ಕಿಗಳ ಕಾಲಿಗೆ ನಂಬರು ಕೊರೆದ ಅಲ್ಯೂಮಿನಿಯಂ ಉಂಗುರ ತೊಡಿಸಿ ದಾರಿ ತೋರಿದ್ದ. ಕಡಲಹಕ್ಕಿಯ ಮುಂದೆ ಆ ಉಪಾಯ ಸೋತಿತು. ಉಪ್ಪುನೀರಿಗೂ ಬಂಡೆಯ ಉಜ್ಜಾಟಕ್ಕೂ ಉಂಗುರ ಸವೆದು ಉದುರುತ್ತಿತ್ತು, ಹಕ್ಕಿ ಹಾಗೇ ಇರುತ್ತಿತ್ತು! ಆಮೇಲೆ ಗಟ್ಟಿ ಮಿಶ್ರಲೋಹದ ಉಂಗುರ ಬಂತು. ಹಳೆಯದು ಬೀಳುವ ಮೊದಲೇ ಹೊಸದು ತೊಡಿಸಿ, ಎರಡೂ ನಂಬರು ಬರೆದಿಡುವ ರೂಢಿ ಬಂತು. ಉತ್ತರ ಐರ್ಲೆಂಡಿನ ಕೋಪ್‌ಲ್ಯಾಂಡ್ ದ್ವೀಪದಲ್ಲಿ 1953ರಲ್ಲಿ, ಆಗಲೇ ಬಲಿತಿದ್ದ ಒಂದು ಶಿಯರ್‌ವಾಟರಿಗೆ ಉಂಗುರ ಹಾಕಿದ್ದರು. 2003ರಲ್ಲಿ ಅದೇ ಹಕ್ಕಿ ಮತ್ತೆ ಕೈಗೆ ಸಿಕ್ಕಿತು.

ಇನ್ನೂ ಸೊಗಸಾದದ್ದು ಶಾಂತಸಾಗರದ ಮಿಡ್‌ವೇ ದ್ವೀಪದ್ದು. ಅಮೆರಿಕದ ಪಕ್ಷಿತಜ್ಞ ಚಾಂಡ್ಲರ್ ರಾಬಿನ್ಸ್ 2002ರಲ್ಲಿ ಅಲ್ಲಿ ಒಂದು ಲೇಸನ್ ಆಲ್ಬಟ್ರಾಸಿನ ಸವೆದ ಉಂಗುರ ಬದಲಿಸಿದರು. ಊರಿಗೆ ಮರಳಿದ ಮೇಲೆ ದಾಖಲೆ ತೆಗೆದು, ನಾವು ಹಳೇ ಪಹಣಿ ಹಿಡಿದು ಹೊಲದ ಮೂಲ ಹುಡುಕುವಂತೆ, ಒಂದು ನಂಬರಿನಿಂದ ಇನ್ನೊಂದಕ್ಕೆ ಹಿಂದೆ ಹಿಂದೆ ಹೋದರು. ಕೊನೆಗೆ ಸಿಕ್ಕಿದ್ದು 1956ರ ಡಿಸೆಂಬರ್ 10ರ ನಮೂದು. ಅಂದು ಆ ಹಕ್ಕಿಗೆ ಮೊದಲ ಉಂಗುರ ತೊಡಿಸಿದ್ದವರು 38ರ ಹರೆಯದ ರಾಬಿನ್ಸರೇ! ಆಗಲೇ ಮೊಟ್ಟೆಯಿಡುವ ವಯಸ್ಸಿನ ಹಕ್ಕಿ ಅದು, ಎಂದರೆ ಐದಾದರೂ ತುಂಬಿರಬೇಕು. ಅದಕ್ಕೆ ವಿಸ್ಡಮ್ ಎಂದು ಹೆಸರಾಯಿತು.

ರಾಬಿನ್ಸ್ 2017ರಲ್ಲಿ ತೀರಿಕೊಂಡರು. ವಿಸ್ಡಮ್ 2024ರ ಕೊನೆಗೆ ಮತ್ತೊಂದು ಮೊಟ್ಟೆಯಿಟ್ಟಿತು. ಜನವರಿಯಲ್ಲಿ ಮರಿ ಹೊರಬಂತು.