ಹೂಮಳೆಯ ನಂತರದ ಮೂರು ದಿನ

ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ ಹಾಸನ ಜಿಲ್ಲೆಯ ಸಕಲೇಶಪುರದ ಸುತ್ತಮುತ್ತಲ ಮಲೆನಾಡಿನಲ್ಲಿಯೂ ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಬೀಳುವ ವರ್ಷದ ಮೊದಲ ಮಳೆಯನ್ನು ಕಾಫಿ ಬೆಳೆಗಾರರು ಹೂಮಳೆ ಎಂದು ಕರೆಯುತ್ತಾರೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದಲ್ಲಿಯೇ ಬೆಳೆಯುವುದರಿಂದ, ಈ ಕೆಲವೇ ಗಂಟೆಗಳ ಮಳೆ ಎಷ್ಟು ಬಿತ್ತು, ಯಾವಾಗ ಬಿತ್ತು, ಅದರ ಹಿಂದೆ ಇನ್ನೊಂದು ಮಳೆ ಬರುವುದೋ ಇಲ್ಲವೋ ಎಂಬ ಪ್ರಶ್ನೆಗಳು ಒಂದು ಸೀಮೆಯ ವರ್ಷದ ಆದಾಯವನ್ನೇ ನಿರ್ಧರಿಸುತ್ತವೆ. ಮುಂಗಾರಿನ ದೀರ್ಘಾವಧಿ ಮುನ್ಸೂಚನೆಗೆ ಪತ್ರಿಕೆಗಳು ಮುಖಪುಟದಲ್ಲಿ ಜಾಗ ಕೊಡುತ್ತವೆ. ಆದರೆ ರೈತನ ಕೈಗೆ ನೇರವಾಗಿ ಒದಗುವುದು ಹೂಮಳೆ ಬಿದ್ದ ಮರುದಿನದಿಂದ ಮುಂದಿನ ಎರಡು ಮೂರು ದಿನಗಳ ಬಗೆಗಿನ ಅಲ್ಪಾವಧಿ ಮುನ್ಸೂಚನೆ. ಅದನ್ನು ಸರಿಯಾಗಿ ಓದುವ ಅಭ್ಯಾಸ ಮಾತ್ರ ಇನ್ನೂ ಸಾಕಷ್ಟು ಬೆಳೆದಿಲ್ಲ.

ಮೊದಲು ಗಿಡದ ಕಡೆಯಿಂದ ನೋಡಬೇಕು. ಕಾಫಿ ಗಿಡದ ಎಲೆಗಳ ಕಂಕುಳಲ್ಲಿ ಮೂಡಿದ ಮೊಗ್ಗುಗಳು ಚಳಿಗಾಲದ ಒಣ ಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಸುಪ್ತಾವಸ್ಥೆಗೆ ಹೋಗುತ್ತವೆ. ನೀರಿನ ಕೊರತೆಯನ್ನು ಕೆಲವು ವಾರ ಅನುಭವಿಸಿದ ನಂತರ ಒಮ್ಮೆಲೇ ಚೆನ್ನಾಗಿ ನೆನೆದಾಗ ಆ ಸುಪ್ತಾವಸ್ಥೆ ಮುರಿದು, ಸುಮಾರು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಒಟ್ಟಿಗೆ ಬಿಳಿಯಾಗಿ ಅರಳುತ್ತದೆ. ಇದಕ್ಕೆ ಬೇಕಾಗುವ ಮಳೆ ಸುಮಾರು ಒಂದರಿಂದ ಒಂದೂವರೆ ಇಂಚು, ಅಂದರೆ 25ರಿಂದ 40 ಮಿಲಿಮೀಟರ್. ಮಲೆನಾಡಿನ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿಯೇ ಹೇಳುವುದು ವಾಡಿಕೆ; ಇಂಚಿನ ನೂರನೆಯ ಒಂದು ಪಾಲಿಗೆ ಸೆಂಟು ಎಂದು ಹೆಸರು. ಆದ್ದರಿಂದ ಒಬ್ಬ ಬೆಳೆಗಾರ ‘ನಮ್ಮಲ್ಲಿ ಒಂದು ಇಂಚು ಇಪ್ಪತ್ತು ಸೆಂಟು ಆಯ್ತು’ ಎಂದರೆ ಸುಮಾರು 30 ಮಿಲಿಮೀಟರ್ ಬಿದ್ದಿದೆ ಎಂದರ್ಥ. ಮಳೆ ಅರ್ಧ ಇಂಚಿಗೇ ನಿಂತುಬಿಟ್ಟರೆ ಮೊಗ್ಗುಗಳು ಎಚ್ಚೆತ್ತರೂ ಪೂರ್ತಿ ಅರಳುವ ಶಕ್ತಿಯಿಲ್ಲದೆ ಬಾಡುವ ಅಪಾಯವಿದೆ, ಆಗ ಸ್ಪ್ರಿಂಕ್ಲರ್ ಹಾಯಿಸಿ ಕೊರತೆ ತುಂಬಬೇಕಾಗುತ್ತದೆ.

ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲ ತಳಿ. ರೊಬಸ್ಟಾ ಹಾಗಲ್ಲ: ಒಂದು ಗಿಡದ ಹೂವಿಗೆ ಬೇರೊಂದು ಗಿಡದ ಪರಾಗ ಬೇಕು, ಅದನ್ನು ಗಾಳಿ ಮತ್ತು ಜೇನುನೊಣಗಳು ತಂದುಕೊಡಬೇಕು. ಆದ್ದರಿಂದ ಹೂ ಅರಳಿದ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದುಹೋಗಿ, ಜೇನು ಗೂಡು ಬಿಟ್ಟು ಹೊರಡದೆ, ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಹೂ ಉದುರಿದ ಮೇಲೆ ಎರಡು ಮೂರು ವಾರಗಳೊಳಗೆ ಇನ್ನೊಂದು ಮಳೆ ಬರಬೇಕು; ಎಳೆ ಕಾಯಿಯನ್ನು ಉಳಿಸಿಕೊಡುವ ಈ ಎರಡನೆಯ ಮಳೆಯನ್ನು ತೋಟಗಳಲ್ಲಿ ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಹೀಗೆ ಒಂದೇ ತಿಂಗಳಲ್ಲಿ ಮಳೆ ಒಮ್ಮೆ ಬೇಕು, ನಡುವೆ ಬೇಡ, ಮತ್ತೊಮ್ಮೆ ಬೇಕು.

ಇನ್ನು ಮುನ್ಸೂಚನೆಯ ಕಡೆಗೆ ಬರೋಣ. ಹವಾಮಾನ ಶಾಸ್ತ್ರದಲ್ಲಿ ಮುನ್ಸೂಚನೆಗಳನ್ನು ಅವಧಿಯ ಮೇಲೆ ವಿಂಗಡಿಸುತ್ತಾರೆ. ಮುಂದಿನ ಎರಡು ಮೂರು ಗಂಟೆಗಳ ಕುರಿತಾದದ್ದು ತತ್‌ಕ್ಷಣದ ಮುನ್ಸೂಚನೆ, ಮೂರು ದಿನಗಳವರೆಗಿನದು ಅಲ್ಪಾವಧಿಯದು, ಅಲ್ಲಿಂದ ಹತ್ತು ದಿನಗಳವರೆಗಿನದು ಮಧ್ಯಮಾವಧಿಯದು. ಗಾಳಿ, ಉಷ್ಣಾಂಶ, ತೇವ, ಒತ್ತಡ ಇವುಗಳ ಇಂದಿನ ಸ್ಥಿತಿಯನ್ನು ಅಳೆದು, ಭೌತಶಾಸ್ತ್ರದ ಸಮೀಕರಣಗಳ ಮೂಲಕ ನಾಳಿನ ಸ್ಥಿತಿಯನ್ನು ಲೆಕ್ಕ ಹಾಕುವುದೇ ಇಂದಿನ ಮುನ್ಸೂಚನೆಯ ಕ್ರಮ. ಇಂದಿನ ಅಳತೆಯಲ್ಲಿ ಉಳಿದ ಸಣ್ಣ ತಪ್ಪು ದಿನದಿಂದ ದಿನಕ್ಕೆ ದೊಡ್ಡದಾಗುತ್ತ ಹೋಗುವುದರಿಂದ, ಮೊದಲ ಮೂರು ದಿನಗಳ ಮಾತನ್ನು ನಂಬುವಷ್ಟು ಏಳನೆಯ ದಿನದ ಮಾತನ್ನು ನಂಬಲಾಗದು. ಈ ಲೆಕ್ಕಕ್ಕೆ ಬೇಕಾದ ಮೇಲ್ಗಾಳಿಯ ಅಳತೆಗಾಗಿ ಬೆಂಗಳೂರು, ಮಂಗಳೂರಿನಂತಹ ಕೇಂದ್ರಗಳಿಂದ ಉಪಕರಣ ಕಟ್ಟಿದ ಬಲೂನುಗಳನ್ನು ಹಾರಿಬಿಡುತ್ತಾರೆ, ಇನ್ಸಾಟ್ ಸರಣಿಯ ಉಪಗ್ರಹಗಳು ಮೋಡದ ಚಿತ್ರಗಳನ್ನು ಕಳುಹಿಸುತ್ತವೆ.

ಹೂಮಳೆಯನ್ನು ತರುವುದು ಮುಂಗಾರಿನ ಗಾಳಿಯಲ್ಲ. ಮಾರ್ಚ್ ಹೊತ್ತಿಗೆ ದಖನ್ ಪ್ರಸ್ಥಭೂಮಿ ಕಾದು, ವಿದರ್ಭ ಅಥವಾ ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ಕೇರಳ, ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಒಂದು ಉದ್ದನೆಯ ಪಟ್ಟಿ ಏರ್ಪಡುತ್ತದೆ. ಹವಾಮಾನ ವರದಿಗಳಲ್ಲಿ ಇದಕ್ಕೆ ಟ್ರಫ್ ಎಂಬ ಹೆಸರಿದೆ. ಈ ಪಟ್ಟಿಯ ಪಶ್ಚಿಮಕ್ಕೆ ವಾಯವ್ಯದಿಂದ ಬರುವ ಒಣ ಗಾಳಿ, ಪೂರ್ವಕ್ಕೆ ಬಂಗಾಳ ಕೊಲ್ಲಿಯ ತೇವವನ್ನು ಹೊತ್ತು ಬರುವ ಆಗ್ನೇಯದ ಗಾಳಿ. ಎರಡೂ ಸಂಧಿಸುವೆಡೆ ಗಾಳಿ ಮೇಲೇಳುತ್ತದೆ, ಮಧ್ಯಾಹ್ನದ ಬಿಸಿಲು ಮತ್ತು ಘಟ್ಟದ ಇಳಿಜಾರುಗಳು ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತವೆ, ಸಂಜೆಯ ಹೊತ್ತಿಗೆ ಗುಡುಗು ಸಿಡಿಲಿನ ಮಳೆಯಾಗುತ್ತದೆ. ಆದ್ದರಿಂದ ಒಂದು ಜೋರು ಮಳೆಯ ನಂತರ ಮತ್ತೆ ಮಳೆ ಬರುವುದೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಆ ಪಟ್ಟಿ ಎಲ್ಲಿದೆ ಎಂಬುದರಲ್ಲಿ ಅಡಗಿರುತ್ತದೆ. ಪಟ್ಟಿ ಅಲ್ಲಿಯೇ ನಿಂತರೆ ಮರುದಿನವೂ ಸಂಜೆ ಮೋಡ ಕಟ್ಟುವ ಸಂಭವ ಹೆಚ್ಚು, ಅದು ಪೂರ್ವಕ್ಕೆ ಸರಿದು ಮಲೆನಾಡಿನ ಮೇಲೆ ವಾಯವ್ಯದ ಒಣ ಗಾಳಿ ಹಿಡಿಯಿತೆಂದರೆ ಆಕಾಶ ತಿಳಿಯಾಗುತ್ತದೆ.

ಬಿದ್ದ ಮಳೆಯೂ ಮುಂದಿನ ದಿನಗಳ ಹವೆಯನ್ನು ಬದಲಿಸುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿತ್ತೆಂದರೆ 1 ಲೀಟರ್ ನೀರು ಬಿದ್ದಂತೆ, ಆ ಒಂದು ಲೀಟರ್ ಆವಿಯಾಗಲು ಸುಮಾರು 24 ಲಕ್ಷ ಜೌಲ್‌ನಷ್ಟು ಶಾಖ ಬೇಕು. ಮಾರ್ಚ್ ತಿಂಗಳ ತಿಳಿ ಹಗಲಿನಲ್ಲಿ ಅಷ್ಟೇ ನೆಲದ ಮೇಲೆ ಬೀಳುವ ಬಿಸಿಲಿನ ಒಟ್ಟು ಶಕ್ತಿ ಎರಡು ಕೋಟಿ ಜೌಲ್‌ಗಿಂತ ಸ್ವಲ್ಪ ಹೆಚ್ಚು. ನೆನೆದ ನೆಲದಿಂದಲೂ ಎಲೆಗಳಿಂದಲೂ ದಿನಕ್ಕೆ 3 ಮಿಲಿಮೀಟರ್ ನೀರು ಆವಿಯಾದರೆ ಬಿಸಿಲಿನ ಸುಮಾರು ಮೂರನೆಯ ಒಂದು ಪಾಲು ಅದಕ್ಕೇ ಖರ್ಚಾಗಿ, ಗಾಳಿಯನ್ನು ಕಾಯಿಸಲು ಉಳಿಯುವ ಶಾಖ ಕಡಿಮೆಯಾಗುತ್ತದೆ. ಹೂಮಳೆಯ ಮರುದಿನ ಹಗಲಿನ ಗರಿಷ್ಠ ಉಷ್ಣಾಂಶ ಇಳಿಯುವುದಕ್ಕೆ ಮೋಡದಷ್ಟೇ ಇದೂ ಕಾರಣ. ಅದೇ ಆವಿ ಗಾಳಿಯಲ್ಲಿ ಉಳಿದು, ರಾತ್ರಿ ಆಕಾಶ ತಿಳಿಯಾಗಿ ಗಾಳಿ ಅಲುಗದೆ ಇದ್ದರೆ, ನೆಲ ತನ್ನ ಶಾಖವನ್ನು ಹೊರಕ್ಕೆ ಬಿಟ್ಟು ತಣ್ಣಗಾಗುತ್ತಿದ್ದಂತೆ ಮುಂಜಾನೆ ಕಣಿವೆಗಳಲ್ಲಿ ದಟ್ಟ ಮಂಜು ಕವಿಯುತ್ತದೆ. ಘಟ್ಟದ ರಸ್ತೆಗಳಲ್ಲಿ ವಾಹನ ಓಡಿಸುವವರಿಗೆ ಅಲ್ಪಾವಧಿ ಮುನ್ಸೂಚನೆಯ ಮಂಜಿನ ಮಾತು ಮಳೆಯ ಮಾತಿನಷ್ಟೇ ಮುಖ್ಯ.

ಇಷ್ಟೆಲ್ಲ ತಿಳಿದಿದ್ದರೂ ‘ನಾಳೆ ಸಂಜೆ ಮೂಡಿಗೆರೆಯ ಈ ತೋಟಕ್ಕೆ ಮಳೆ ಬರುತ್ತದೆ’ ಎಂದು ಯಾರೂ ಹೇಳಲಾರರು. ಈ ಕಾಲದ ಒಂದೊಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್, ಒಂದು ಮೋಡದ ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಭಾರತ ಹವಾಮಾನ ಇಲಾಖೆ ಬಳಸುತ್ತಿದ್ದ ಜಾಗತಿಕ ಲೆಕ್ಕದ ಮಾದರಿ ಭೂಮಿಯನ್ನು ಸುಮಾರು 12 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸುತ್ತಿತ್ತು, 2025ರ ಮೇ ತಿಂಗಳಲ್ಲಿ ಬಿಡುಗಡೆಯಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅದನ್ನು 6 ಕಿಲೋಮೀಟರ್‌ಗೆ ಇಳಿಸಿತು. ಇದು ದೊಡ್ಡ ಸುಧಾರಣೆಯೇ ಸರಿ, ಆದರೂ ಚೌಕಕ್ಕಿಂತ ಚಿಕ್ಕದಾದ ಮೋಡ ಆ ಚೌಕದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಒಂದು ಎಸ್ಟೇಟಿನಲ್ಲಿ ಎರಡು ಇಂಚು ಸುರಿದು, ಗುಡ್ಡದಾಚೆಯ ಇನ್ನೊಂದರಲ್ಲಿ ಮಣ್ಣೂ ನೆನೆಯದಿರುವುದು ಮುನ್ಸೂಚನೆಯ ಸೋಲಲ್ಲ. ಆ ಮಳೆಯ ಸ್ವಭಾವವೇ ಹಾಗೆ.

ಈ ಕಾರಣದಿಂದಲೇ ಮುನ್ಸೂಚನೆಯ ಭಾಷೆ ಎಚ್ಚರಿಕೆಯದಾಗಿರುತ್ತದೆ, ಅದನ್ನು ಓದುವವರೂ ಎಚ್ಚರದಿಂದಿರಬೇಕು. ‘ಒಂದೆರಡು ಕಡೆ ಮಳೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕೆ ಮೀರದಷ್ಟು ಕಡೆ, ‘ಕೆಲವು ಕಡೆ’ ಎಂದರೆ ಸುಮಾರು ಅರ್ಧದವರೆಗೆ, ‘ಹಲವು ಕಡೆ’ ಎಂದರೆ ಮುಕ್ಕಾಲಿನವರೆಗೆ, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ಪ್ರಮಾಣದ ಮಾತುಗಳೂ ಹಾಗೆಯೇ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದ ಮೇಲೆಯೇ ‘ಭಾರಿ ಮಳೆ’, 115.6 ಮುಟ್ಟಿದರೆ ‘ಅತಿ ಭಾರಿ’. ಕಾಫಿಯ ಹೂವನ್ನು ಅರಳಿಸುವ ಒಂದೂವರೆ ಇಂಚಿನ ಮಳೆ ಈ ಪಟ್ಟಿಯಲ್ಲಿ ಬರೀ ‘ಸಾಧಾರಣ ಮಳೆ’. ಹೀಗಾಗಿ ಮಾರ್ಚಿನಲ್ಲಿ ‘ಸಾಧಾರಣ ಮಳೆ ಸಾಧ್ಯತೆ’ ಎಂಬ ಸಾಲನ್ನು ಕಡೆಗಣಿಸುವ ಬೆಳೆಗಾರ ತನ್ನ ವರ್ಷದ ಅತಿ ಮುಖ್ಯ ಸುದ್ದಿಯನ್ನೇ ಕಡೆಗಣಿಸಿದಂತೆ. ದಿನದ ಲೆಕ್ಕವೂ ಬೇರೆ: ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುವುದರಿಂದ, ಸೋಮವಾರ ಸಂಜೆಯ ಮಳೆ ಮಂಗಳವಾರದ ಅಂಕಿಯಾಗಿ ಪ್ರಕಟವಾಗುತ್ತದೆ.

ಪ್ರದೇಶದ ವಿಂಗಡಣೆಯಲ್ಲಿ ಒಂದು ನಿಜವಾದ ತೊಡಕಿದೆ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರಾಗಿ ಗುರುತಿಸುತ್ತದೆ, ಕೊಡಗು ಮತ್ತು ಚಿಕ್ಕಮಗಳೂರು ಈ ಲೆಕ್ಕದಲ್ಲಿ ಕೋಲಾರ, ಚಿತ್ರದುರ್ಗಗಳ ಜೊತೆ ದಕ್ಷಿಣ ಒಳನಾಡಿಗೆ ಸೇರುತ್ತವೆ. ಘಟ್ಟದ ನೆತ್ತಿಯ ತೋಟಕ್ಕೂ ಬಯಲುಸೀಮೆಯ ಕೆರೆಗೂ ಒಂದೇ ಸಾಲಿನ ಮುನ್ಸೂಚನೆ ಸಾಲದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಲೆನಾಡನ್ನು ನಾಲ್ಕನೆಯ ಪ್ರದೇಶವಾಗಿ ಬೇರೆ ಎಣಿಸುತ್ತದೆ ಎಂಬುದು ಸಮಾಧಾನದ ಸಂಗತಿ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಸಂಸ್ಥೆ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ, ‘ವರುಣ ಮಿತ್ರ’ ಸಹಾಯವಾಣಿಯ ಮೂಲಕ ರೈತರಿಗೆ ಸ್ಥಳೀಯ ಮಾಹಿತಿ ನೀಡುತ್ತದೆ. ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯೂ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊರಡುವ ಕೃಷಿ ಸಲಹೆಯೂ ‘ಮೇಘದೂತ್’ ಆ್ಯಪಿನಲ್ಲಿ ಸಿಗುತ್ತವೆ.

ಮಳೆ ಬೇಗ ಬಂದ ವರ್ಷಗಳಲ್ಲಿ ಈ ಮಾಹಿತಿಯ ಬೆಲೆ ಇನ್ನೂ ಹೆಚ್ಚು. 2021ರ ಜನವರಿಯ ಆರಂಭದಲ್ಲಿ ಕಾಫಿ ಜಿಲ್ಲೆಗಳಲ್ಲಿ ಅಕಾಲ ಮಳೆಯಾದಾಗ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಇಂತಹ ಮಳೆಯಲ್ಲಿ ಗಿಡದ ಮೇಲೆ ಹಣ್ಣು ಇರುವಾಗಲೇ ಮೊಗ್ಗು ಬಿರಿಯಲು ಹೊರಡುತ್ತದೆ, ಹಣ್ಣು ಕೀಳುವ ಕೈ ತಾಗಿ ಹೂ ಉದುರುತ್ತದೆ, ಕೀಳದೆ ಬಿಟ್ಟರೆ ಹಣ್ಣು ಬಿರಿದು ನೆಲದ ಪಾಲಾಗುತ್ತದೆ. ಕಣದಲ್ಲಿ ಹರಡಿದ ಇಡೀ ಹಣ್ಣು (ಚೆರ್ರಿ) ಮತ್ತು ಸಿಪ್ಪೆ ತೆಗೆದ ಬೀಜ (ಪಾರ್ಚ್‌ಮೆಂಟ್) ನೆನೆದರೆ ಬೂಷ್ಟು ಹಿಡಿದು ಬಣ್ಣ, ರುಚಿ ಎರಡೂ ಕೆಡುತ್ತವೆ. ಅದೇ ದಿನಗಳಲ್ಲಿ ಒಣಗಲು ಹಾಕಿದ ಕಾಳುಮೆಣಸಿನ ಗತಿಯೂ ಅದೇ. ಮುಂದಿನ ಮೂರು ದಿನ ಒಣ ಹವೆ ಎಂಬ ಮುನ್ಸೂಚನೆ ಇದ್ದರೆ ಕಣವನ್ನು ಮತ್ತೆ ಹರಡಬಹುದು, ಸಂಜೆ ಮಳೆ ಎಂದಿದ್ದರೆ ಮಧ್ಯಾಹ್ನ ಎರಡಕ್ಕೇ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಸ್ಪ್ರಿಂಕ್ಲರ್ ಓಡಿಸುವವರ ಲೆಕ್ಕ ಇನ್ನೂ ಸೂಕ್ಷ್ಮ: ಮಳೆ ಕೊರತೆಯಾಗಿದ್ದು ಮುಂದಿನ ಎರಡು ದಿನಗಳಲ್ಲಿ ಮತ್ತೆ ಬರುವ ಸೂಚನೆ ಬಲವಾಗಿದ್ದರೆ ಡೀಸೆಲ್ ಉಳಿಸಿ ಕಾಯಬಹುದು, ಒಣ ಗಾಳಿ ಹಿಡಿಯುತ್ತದೆ ಎಂದಿದ್ದರೆ ಅಂದೇ ಪಂಪ್ ಹಾಕಬೇಕು. ಹೂ ಅರಳುವ ಎಂಟನೆಯ ಒಂಬತ್ತನೆಯ ದಿನ ಅಲ್ಪಾವಧಿಯ ಮಿತಿಯಾಚೆಗಿರುವುದರಿಂದ, ಮಳೆಯಾದ ಆರನೆಯ ದಿನ ಮುನ್ಸೂಚನೆಯನ್ನು ಹೊಸದಾಗಿ ನೋಡುವುದು ಅಗತ್ಯ. ಮೊದಲ ದಿನ ಕೇಳಿದ್ದನ್ನೇ ನೆಚ್ಚಿಕೊಂಡು ಕೂರುವುದು ಸಲ್ಲದು.

‘ಅಶ್ವಿನಿ ಸಸ್ಯನಾಶಿನಿ’ ಎಂದೂ ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂದೂ ಹೇಳುವ ಮಳೆ ನಕ್ಷತ್ರಗಳ ಲೆಕ್ಕಕ್ಕೂ ಹವಾಮಾನ ಶಾಸ್ತ್ರಕ್ಕೂ ವೈರವಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಸಾಮಾನ್ಯ ಗುಣವನ್ನು ತಲೆಮಾರುಗಳ ಅನುಭವದಿಂದ ಹೇಳುವ ಆ ಲೆಕ್ಕ ಯಾವ ಕೆಲಸಕ್ಕೆ ಯಾವ ಕಾಲ ಎಂದು ತಿಳಿಸುತ್ತದೆ, ಈ ವರ್ಷ ನಾಳೆ ಏನಾಗುತ್ತದೆ ಎಂಬುದು ಅದರ ವ್ಯಾಪ್ತಿಗೆ ಬಾರದು.

ಮುಂಗಾರು ಪೂರ್ವದ ಮಳೆ ಸಿಡಿಲಿನ ಮಳೆಯೂ ಹೌದು. ತೋಟದಲ್ಲಿ ನೆರಳಿಗಾಗಿ ಬೆಳೆಸಿದ ಎತ್ತರದ ಸಿಲ್ವರ್ ಓಕ್ ಮರಗಳ ಕೆಳಗೆ ಮಳೆಗೆ ನಿಲ್ಲುವುದು ಅತ್ಯಂತ ಅಪಾಯಕರ. ಗುಡುಗು ಕೇಳಿದೊಡನೆ ಕೆಲಸ ನಿಲ್ಲಿಸಿ ಕಟ್ಟಡದೊಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆಯನ್ನು ಮುಂಚಿತವಾಗಿ ನೀಡುತ್ತದೆ. ಅದು ಮೇಸ್ತ್ರಿಯ ಫೋನಿನಲ್ಲಿರುವುದು ಮಾಲೀಕನ ಫೋನಿನಲ್ಲಿರುವುದಕ್ಕಿಂತ ಹೆಚ್ಚು ಉಪಯುಕ್ತ.

ದೊಡ್ಡ ಎಸ್ಟೇಟುಗಳಲ್ಲಿ ಮಳೆಮಾಪಕವಿದೆ, ದಶಕಗಳ ಮಳೆ ಪುಸ್ತಕಗಳಿವೆ. ಆದರೆ ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣ ಬೆಳೆಗಾರರದು, ಅವರಲ್ಲಿ ಅನೇಕರು ಪಕ್ಕದ ತೋಟದ ಅಂಕಿಯನ್ನೇ ತಮ್ಮದೆಂದು ತಿಳಿದು ಸ್ಪ್ರಿಂಕ್ಲರ್ ಲೆಕ್ಕ ಹಾಕುತ್ತಾರೆ, ಈ ಕಾಲದ ಮಳೆಯಲ್ಲಿ ಆ ಅಂಕಿ ಇಮ್ಮಡಿಯೂ ಇರಬಹುದು, ಅರ್ಧವೂ ಇರಬಹುದು. ಸಣ್ಣ ಬೆಳೆಗಾರರು ತಮ್ಮದೇ ಮಳೆಮಾಪಕವನ್ನು ಮರದ ನೆರಳಿಲ್ಲದ ಬಯಲಿನಲ್ಲಿ ನಿಲ್ಲಿಸಿ ದಿನವೂ ಬೆಳಿಗ್ಗೆ 8.30ಕ್ಕೆ ನೋಡಿ ಬರೆದಿಡಲಿ. ಬೆಳೆಗಾರರ ಸಂಘಗಳು ಆ ಅಂಕಿಗಳನ್ನು ಊರಿನ ಎಲ್ಲರಿಗೂ ತಲುಪಿಸಲಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಮೂರು ತಿಂಗಳಾದರೂ ಆಕಾಶವಾಣಿ ಮತ್ತು ದಿನಪತ್ರಿಕೆಗಳು ದಕ್ಷಿಣ ಒಳನಾಡಿನ ಸಾಲಿನ ಜೊತೆಗೆ ಮಲೆನಾಡಿಗೆಂದೇ ಪ್ರತ್ಯೇಕವಾದ ಒಂದು ಸಾಲನ್ನು ಪ್ರತಿದಿನ ಪ್ರಕಟಿಸಲಿ.